ತಾಳ ಹಾಕುವ ಕೈ ಈಗ ಕೀಬೋರ್ಡ್ ಮೇಲಿದೆ: ಸ್ಟಾಫ್ ನೊಟೇಶನ್‌ನಲ್ಲಿ ಬೀಟ್ ಎಣಿಸುವ ಬಗೆ

ಪ್ರಶ್ನೆ: ಚಿಕ್ಕವಳಿದ್ದಾಗ ಕರ್ನಾಟಕ ಸಂಗೀತ ಕಲಿತು ಜೂನಿಯರ್ ಪರೀಕ್ಷೆ ಪಾಸು ಮಾಡಿದ್ದೆ. ಈಗ ಮಗಳ ಜೊತೆ ನಾನೂ ಕೀಬೋರ್ಡ್ ಕ್ಲಾಸಿಗೆ ಸೇರಿದ್ದೇನೆ. ಅಲ್ಲಿ ಐದು ಗೆರೆಗಳ ಮೇಲೆ ಬರೆಯುವ ಪಾಶ್ಚಾತ್ಯ ಸ್ಟಾಫ್ ನೊಟೇಶನ್ ಕಲಿಸುತ್ತಾರೆ. ಕ್ರಾಚೆಟ್ ಒಂದು ಬೀಟ್, ಮಿನಿಮ್ ಎರಡು, ಸೆಮಿಬ್ರೀವ್ ನಾಲ್ಕು ಅಂತ ಬಾಯಿಪಾಠ ಇದೆ. ಆದರೆ ನುಡಿಸಲು ಕೂತರೆ ಎಣಿಕೆ ತಪ್ಪುತ್ತದೆ. ಚುಕ್ಕೆ ಇರುವ ನೋಟ್ ಬಂದರೆ ಅಂದಾಜಿನಲ್ಲಿ ನುಡಿಸುತ್ತೇನೆ. 6/8 ಅಂದರೆ ಆರು ಬೀಟೋ ಎರಡು ಬೀಟೋ ಗೊತ್ತಾಗುತ್ತಿಲ್ಲ. ಟಿಕ್ ಟಿಕ್ ಅಂತ ಬೀಟ್ ಕೊಡುವ ಮೆಟ್ರೊನೋಮ್ ಹಾಕಿದರೆ ಇನ್ನೂ ಕೆಡುತ್ತದೆ. ತಾಳ ಗೊತ್ತಿದ್ದವಳಿಗೇ ಹೀಗ್ಯಾಕೆ?

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ನೀವು ತಾಳ ಕಲಿತದ್ದು ಕೈಯಲ್ಲಿ, ಅಲ್ವಾ? ಹಾಡುವುದು ಬಾಯಿ, ಲೆಕ್ಕ ಇಡುವುದು ತೊಡೆಯ ಮೇಲಿನ ಕೈ. ಬಾಯಿ ಸ್ವರವನ್ನು ಎಳೆಯಲಿ, ನಿಲ್ಲಿಸಲಿ, ಉಸಿರು ತೆಗೆದುಕೊಳ್ಳಲಿ, ಕೈ ಮಾತ್ರ ತನ್ನ ಪಾಡಿಗೆ ಪೆಟ್ಟು, ಬೆರಳು, ಹುಸಿ ಹಾಕುತ್ತಾ ಹೋಗುತ್ತದೆ. ವರ್ಷಗಟ್ಟಲೆ ಹಾಗೆ ಮಾಡಿದ ಮೇಲೆ ಎಣಿಸುತ್ತಿದ್ದೇವೆ ಅನ್ನುವುದೇ ಮರೆತುಹೋಗುತ್ತದೆ. ಕೀಬೋರ್ಡ್ ಮುಂದೆ ಕೂತಿರೋ, ಆ ಕೈಗೆ ಬೇರೆ ಕೆಲಸ ಬಿತ್ತು. ಈಗ ತಾಳ ಇಡುವವರು ಯಾರೂ ಇಲ್ಲ. ಆಗ ಕಣ್ಣು ನೋಟ್ ಕಂಡಾಗಲೆಲ್ಲ ಮನಸ್ಸು ಒಂದೊಂದು ಎಣಿಸುತ್ತದೆ. ನೋಟ್ ಕಷ್ಟದ್ದಾದರೆ ಎಣಿಕೆ ನಿಧಾನ, ಸುಲಭವಾದರೆ ಎಣಿಕೆ ಜೋರು, ಉದ್ದ ನೋಟ್ ಬಂದರೆ ಎಣಿಕೆಯೇ ನಾಪತ್ತೆ. ಎಣಿಸಬೇಕಾದದ್ದು ಬೀಟನ್ನು. ನೀವು ಎಣಿಸುತ್ತಿರುವುದು ನೋಟನ್ನು.

ಹಾಗಾಗಿ ಮೊದಲ ಕೆಲಸ, ಕೈಯಲ್ಲಿದ್ದ ತಾಳವನ್ನು ಬಾಯಿಗೆ ವರ್ಗ ಮಾಡುವುದು. ಜೋರಾಗಿ, ಪಕ್ಕದ ಕೋಣೆಗೆ ಕೇಳುವ ಹಾಗೆ ಎಣಿಸಬೇಕು. ಮನಸ್ಸಿನಲ್ಲಿ ಎಣಿಸುತ್ತೇನೆ ಅನ್ನುವವರನ್ನು ನಾನು ನಂಬುವುದಿಲ್ಲ. ಮನಸ್ಸು ಬೆರಳಿಗೆ ಹೊಂದಿಕೊಂಡು ಬಿಡುತ್ತದೆ, ಬಾಯಿ ಅಷ್ಟು ಸುಲಭವಾಗಿ ಹೊಂದಿಕೊಳ್ಳುವುದಿಲ್ಲ.

ಈಗ ನಿಮ್ಮ ಬಾಯಿಪಾಠಕ್ಕೆ ಬರೋಣ. ‘ಕ್ರಾಚೆಟ್ ಅಂದರೆ ಒಂದು ಬೀಟ್’ ಅನ್ನುವುದು ಮೊದಲ ಪುಸ್ತಕದ ಮಟ್ಟಿಗೆ ಸರಿ, ಯಾಕೆಂದರೆ ಅಲ್ಲಿನ ಪಾಠಗಳೆಲ್ಲ ಹೆಚ್ಚುಕಡಿಮೆ 4/4 ಇಲ್ಲವೇ 3/4. ಆದರೆ ನೋಟ್ ಯಾವತ್ತೂ ಇಷ್ಟು ಬೀಟ್ ಅಂತ ಹೇಳುವುದಿಲ್ಲ. ಅದು ಹೇಳುವುದು ಪಕ್ಕದ ನೋಟಿಗೆ ಹೋಲಿಸಿದರೆ ತಾನು ಎಷ್ಟು ಉದ್ದ ಅಂತ ಮಾತ್ರ. ಸೆಮಿಬ್ರೀವ್‌ನ ಅರ್ಧ ಮಿನಿಮ್, ಅದರ ಅರ್ಧ ಕ್ರಾಚೆಟ್, ಅದರ ಅರ್ಧ ಕ್ವೇವರ್, ಅದರ ಅರ್ಧ ಸೆಮಿಕ್ವೇವರ್. ಆಪ್‌ಗಳಲ್ಲಿ ಇವನ್ನೇ ಅಮೆರಿಕದವರ ಲೆಕ್ಕದಲ್ಲಿ ಹೋಲ್, ಹಾಫ್, ಕ್ವಾರ್ಟರ್, ಎಯ್ತ್, ಸಿಕ್ಸ್‌ಟೀನ್ತ್ ನೋಟ್ ಅನ್ನುತ್ತಾರೆ, ಎರಡೂ ಒಂದೇ. ಇವುಗಳಲ್ಲಿ ಬೀಟಿನ ಪಟ್ಟ ಯಾರಿಗೆ ಅಂತ ಹೇಳುವುದು ಶುರುವಿನಲ್ಲಿ ಬರೆದಿರುವ ಅಂಕಿಜೋಡಿಯ, ಅಂದರೆ ಟೈಮ್ ಸಿಗ್ನೇಚರ್‌ನ ಕೆಳಗಿನ ಅಂಕಿ. ಕೆಳಗೆ 4 ಇದ್ದರೆ ಕ್ರಾಚೆಟ್‌ಗೆ ಒಂದು ಬೀಟ್. 2/2 ಬಂತು ಅಂದುಕೊಳ್ಳಿ, ಅಲ್ಲಿ ಮಿನಿಮ್‌ಗೆ ಒಂದು ಬೀಟ್, ನಿಮ್ಮ ಕ್ರಾಚೆಟ್ ಅರ್ಧ ಬೀಟಿಗೆ ಇಳಿಯಿತು. ಇನ್ನು ಸೆಕೆಂಡಿನ ಲೆಕ್ಕ ಬೇರೆಯೇ. ಮೇಲೆ ಕ್ರಾಚೆಟ್ = 60 (ನಿಮಿಷಕ್ಕೆ ಅರವತ್ತು) ಅಂತ ಬರೆದಿದ್ದರೆ ಅದು ಒಂದು ಸೆಕೆಂಡ್, 120 ಅಂತಿದ್ದರೆ ಅರ್ಧ ಸೆಕೆಂಡ್. ಅದೇ ನೋಟ್, ಅದೇ ಹೆಸರು.

ಇದೆಲ್ಲ ನಿಮಗೆ ಹೊಸದೇನೂ ಅಲ್ಲ. ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡಿದ್ದೀರಲ್ಲ, ಅದೇ ಇದು. ಮೊದಲ ಕಾಲದಲ್ಲಿ ಒಂದು ಅಕ್ಷರಕ್ಕೆ, ಅಂದರೆ ತಾಳದ ಒಂದು ಎಣಿಕೆಗೆ, ಒಂದು ಸ್ವರ, ಎರಡನೇ ಕಾಲದಲ್ಲಿ ಎರಡು, ಮೂರನೇ ಕಾಲದಲ್ಲಿ ನಾಲ್ಕು. ಕ್ರಾಚೆಟ್, ಕ್ವೇವರ್, ಸೆಮಿಕ್ವೇವರ್. ತಾಳದ ವೇಗ ಎಲ್ಲೂ ಬದಲಾಗಲಿಲ್ಲ, ಒಂದು ಅಕ್ಷರದಲ್ಲಿ ಹಿಡಿಸುವ ಸ್ವರ ಬದಲಾಯಿತು ಅಷ್ಟೇ. ಬರೆಯುವ ರೀತಿಯಲ್ಲೂ ಹತ್ತಿರದ ನಂಟಿದೆ. ನಮ್ಮ ಪುಸ್ತಕದಲ್ಲಿ ಸ್ವರದ ಮೇಲೆ ಒಂದು ಗೆರೆ ಎಳೆದರೆ ದುಪ್ಪಟ್ಟು ವೇಗ, ಎರಡು ಗೆರೆ ಎಳೆದರೆ ನಾಲ್ಕು ಪಟ್ಟು. ಸ್ಟಾಫ್‌ನಲ್ಲಿ ಕ್ವೇವರ್‌ಗಳ ಕಡ್ಡಿ ಸೇರಿಸುವುದು ಒಂದು ಗೆರೆ, ಸೆಮಿಕ್ವೇವರ್‌ಗೆ ಎರಡು. ಗೆರೆ ನೋಡಿದ ಕೂಡಲೇ ಕಾಲ ಗೊತ್ತಾಗಬೇಕು, ಅಷ್ಟು ಪರಿಚಯ ನಿಮಗೆ ಆಗಲೇ ಇದೆ.

ಎಡವುವುದು ಉದ್ದ ನೋಟಿನಲ್ಲಿ. ಅದಕ್ಕೂ ಕಾರಣ ಇದೆ. ನಮ್ಮ ನೊಟೇಶನ್‌ನಲ್ಲಿ ಸ್ವರ ಎಳೆದಷ್ಟೂ ಏನಾದರೂ ಬರೆದಿರುತ್ತದೆ. ಒಂದು ಮಾತ್ರೆಗೆ ‘ಸ’, ಎರಡಕ್ಕೆ ‘ಸಾ’, ಮೂರಕ್ಕೆ ‘ಸಾ ,’, ನಾಲ್ಕಕ್ಕೆ ‘ಸಾ ;’. ಕಾಮಾ ಕಂಡಾಗ ಕಣ್ಣು ಅಲ್ಲೊಂದು ಮಾತ್ರೆ ನಿಂತು ಮುಂದೆ ಹೋಗುತ್ತದೆ. ಸ್ಟಾಫ್‌ನಲ್ಲಿ ಹಾಗಿಲ್ಲ. ಸೆಮಿಬ್ರೀವ್ ಒಂದು ಖಾಲಿ ಸೊನ್ನೆ. ಅದು ಕೂತಿರುವುದು ಒಂದನೇ ಬೀಟಿನ ಜಾಗದಲ್ಲಿ. ಎರಡು, ಮೂರು, ನಾಲ್ಕನೇ ಬೀಟುಗಳ ಜಾಗದಲ್ಲಿ ಏನೂ ಬರೆದಿಲ್ಲ, ಬರೀ ಬಿಳಿ ಕಾಗದ. ಕಾಣದ ಆ ಮೂರು ಬೀಟುಗಳನ್ನು ಓದುವವರೇ ತುಂಬಿಕೊಳ್ಳಬೇಕು. ಅದಕ್ಕೇ ಕೆಲವು ವಾರ ಪೆನ್ಸಿಲ್ ಹಿಡಿದು ಪ್ರತಿ ಬಾರಿನ (ಎರಡು ನಿಂತ ಗೆರೆಗಳ ನಡುವಿನ ಭಾಗದ) ಕೆಳಗೆ 1 2 3 4 ಬರೆಯಿರಿ, ನೋಟ್ ಇಲ್ಲದ ಜಾಗದಲ್ಲೂ ಬರೆಯಿರಿ. ಮಕ್ಕಳ ಕೆಲಸ ಅಂತ ನಾಚಿಕೊಳ್ಳಬೇಡಿ. ಆರ್ಕೆಸ್ಟ್ರಾದಲ್ಲಿ ನುಡಿಸುವವರ ಹಾಳೆಗಳಲ್ಲೂ ಪೆನ್ಸಿಲ್ ಗುರುತು ಇದ್ದೇ ಇರುತ್ತದೆ.

ಏನಂತ ಎಣಿಸುವುದು? ಕ್ಲಾಸಿನಲ್ಲಿ ‘ವನ್ ಆ್ಯಂಡ್ ಟೂ ಆ್ಯಂಡ್’ ಅಂತ ಹೇಳಿಕೊಟ್ಟಿರುತ್ತಾರೆ. ಅದೂ ಸರಿ. ಆದರೆ ಆಡುಮಾತಿನ ಕನ್ನಡದಲ್ಲಿ ಇನ್ನೂ ಸಲೀಸು: ಒಂ-ದು, ಎರ್-ಡು, ಮೂ-ರು, ನಾ-ಕು. ಪ್ರತಿ ಅಂಕಿಯೂ ಎರಡು ತುಂಡು. ಮೊದಲ ತುಂಡು ಬೀಟಿನ ಮೇಲೆ, ಎರಡನೆಯದು ಸರಿಯಾಗಿ ಅರ್ಧದಲ್ಲಿ. ‘ಆ್ಯಂಡ್’ ಸೇರಿಸುವ ಗೋಜೇ ಇಲ್ಲ. ‘ಎರಡು’ ಅಂತ ಪುಸ್ತಕದ ಕನ್ನಡದಲ್ಲಿ ಮೂರು ತುಂಡು ಮಾಡಿ ಹೇಳಿದರೆ ಮಾತ್ರ ಲೆಕ್ಕ ಕೆಡುತ್ತದೆ, ಎರ್-ಡು ಅಂತಲೇ ಹೇಳಿ.

ಇದನ್ನು ಇಟ್ಟುಕೊಂಡು ಚುಕ್ಕೆ ನೋಟನ್ನು ನೋಡೋಣ. ಬಿಥೋವನ್‌ನ ಒಂಬತ್ತನೇ ಸಿಂಫೊನಿಯಲ್ಲಿ, 1824ರದ್ದು, ಕೊನೆಯ ಭಾಗದಲ್ಲಿ ಬರುವ ‘ಓಡ್ ಟು ಜಾಯ್’ ಮಟ್ಟು ನಿಮ್ಮ ಪುಸ್ತಕದಲ್ಲೂ ಇರುತ್ತದೆ, ಅದಿಲ್ಲದ ಕೀಬೋರ್ಡ್ ಪುಸ್ತಕ ನಾನು ಕಂಡದ್ದು ಕಡಿಮೆ. ಸಿ ಯನ್ನು ಷಡ್ಜ ಅಂದುಕೊಂಡರೆ ಮೊದಲ ಸಾಲು ಹೀಗೆ:

ಗ ಗ ಮ ಪ | ಪ ಮ ಗ ರಿ | ಸ ಸ ರಿ ಗ | ಗ. ರಿ ರಿ

ಮೂರು ಬಾರ್ ಬರೀ ಕ್ರಾಚೆಟ್, ಬೀಟಿಗೊಂದು. ನಾಲ್ಕನೇ ಬಾರಿನಲ್ಲಿ ತಿರುವು. ಅಲ್ಲಿನ ಗ ಚುಕ್ಕೆ ಇರುವ ಕ್ರಾಚೆಟ್. ಮುಂದಿನ ರಿ ಕ್ವೇವರ್. ಕೊನೆಯ ರಿ ಮಿನಿಮ್. ಚುಕ್ಕೆ ಅಂದರೆ ನೋಟಿನ ಸ್ವಂತ ಉದ್ದದ ಅರ್ಧವನ್ನು ಅದಕ್ಕೇ ಕೂಡಿಸು ಅಂತ. ಕ್ರಾಚೆಟ್‌ಗೆ ಒಂದೂವರೆ, ಮಿನಿಮ್‌ಗೆ ಮೂರು. ಈ ‘ಒಂದೂವರೆ’ ಅನ್ನುವ ಪದವೇ ತೊಂದರೆ ಕೊಡುವುದು, ಒಂದೂವರೆಯನ್ನು ಯಾರೂ ಎಣಿಸಲಾರರು. ಅರ್ಧ ಬೀಟನ್ನು ಒಂದು ಮಾತ್ರೆ ಮಾಡಿಕೊಂಡು ನಮ್ಮ ರೀತಿಯಲ್ಲಿ ಬರೆದುಕೊಳ್ಳಿ: ಗಾ , ರಿ ರೀ ;. ಮೂರು, ಒಂದು, ನಾಲ್ಕು, ಒಟ್ಟು ಎಂಟು ಮಾತ್ರೆ. ಈಗ ಬಾಯಲ್ಲಿ ಎಣಿಸಿ. ಒಂ ಅಂದಾಗ ಗ ಒತ್ತಿ. ದು, ಎರ್ ಕಳೆಯಲಿ, ಬೆರಳು ಎತ್ತಬೇಡಿ. ಡು ಅಂದಾಗ ರಿ. ಮೂ ಅಂದಾಗ ಇನ್ನೊಂದು ರಿ. ರು, ನಾ, ಕು ಕಳೆದು ಮುಂದಿನ ಒಂ ಬರುವ ತನಕ ಅದು ಉಳಿಯಬೇಕು. ನಿಧಾನಕ್ಕೆ ಹತ್ತು ಸಲ ಮಾಡಿದರೆ ಅಂದಾಜು ಬಿಟ್ಟುಹೋಗುತ್ತದೆ. ಗಮನಿಸಿ, ಎರಡನೇ ಬೀಟಿನ ಮೇಲೆ ಯಾವ ನೋಟೂ ಬೀಳಲಿಲ್ಲ. ಜನ ತಪ್ಪುವುದು ಅಲ್ಲೇ. ಎರ್ ಅನ್ನುವುದನ್ನು ನುಂಗಿ ರಿ ಯನ್ನು ಬೇಗ ಒತ್ತುತ್ತಾರೆ.

ನೀವು ದೀಕ್ಷಿತರ ನೊಟ್ಟು ಸ್ವರಗಳನ್ನು ಕಲಿತಿದ್ದರೆ ಇದೇ ನಡಿಗೆ ಅಲ್ಲೂ ಸಿಗುತ್ತದೆ. ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಹಾಕಿದ ರಚನೆಗಳು ಅವು. ‘ಸಂತತಂ ಪಾಹಿಮಾಂ’ ಹಾಡಿದರೆ ಬ್ರಿಟಿಷರ ರಾಷ್ಟ್ರಗೀತೆಯ ಮಟ್ಟೇ ಹಾಡಿದಂತೆ. ಆ ಮಟ್ಟು 3/4ರಲ್ಲಿದೆ. ಮೊದಲ ಬಾರಿನಲ್ಲಿ ಮೂರು ಕ್ರಾಚೆಟ್, ಎರಡನೆಯದರಲ್ಲಿ ಚುಕ್ಕೆ ಕ್ರಾಚೆಟ್, ಕ್ವೇವರ್, ಕ್ರಾಚೆಟ್. ಗಂಟಲಿಗೆ ಗೊತ್ತಿರುವ ಮಟ್ಟನ್ನು ಕಾಗದದ ಮೇಲೆ ನೋಡುವುದು ಒಳ್ಳೆಯ ಅಭ್ಯಾಸ.

ಟೈ ಕೂಡ ಇದೇ ಲೆಕ್ಕ. ಒಂದೇ ಸ್ವರದ ಎರಡು ನೋಟುಗಳಿಗೆ ಕಮಾನು ಕಟ್ಟಿದ್ದರೆ ಎರಡನೆಯದನ್ನು ಮತ್ತೆ ಒತ್ತುವ ಹಾಗಿಲ್ಲ, ಉದ್ದ ಕೂಡಿಸಬೇಕು. ಬೇರೆ ಬೇರೆ ಸ್ವರಗಳ ಮೇಲೆ ಕಮಾನಿದ್ದರೆ ಅದು ಸ್ಲರ್, ಬಿಡಿಸದೆ ನುಡಿಸಿ ಅಂತ. ಬಾರಿನ ಗೆರೆ ದಾಟಿ ಹೋಗುವ ಉದ್ದವನ್ನು ಚುಕ್ಕೆಯಲ್ಲಿ ಬರೆಯಲು ಬರುವುದಿಲ್ಲ, ಅದಕ್ಕೇ ಟೈ ಬೇಕು. ‘ಓಡ್ ಟು ಜಾಯ್’ನಲ್ಲೇ ಉದಾಹರಣೆ ಇದೆ. ಮೂರನೇ ಸಾಲು ಮುಗಿಯುವಾಗ, ಕೊನೆಯ ಸಾಲಿನ ಮೊದಲ ಗ ಒಂದು ಬೀಟ್ ಮುಂಚೆಯೇ, ನಾಲ್ಕನೇ ಬೀಟಿನಲ್ಲೇ ಬಂದು, ಗೆರೆ ದಾಟಿ ಮುಂದಿನ ಒಂದನೇ ಬೀಟಿನ ಮೇಲೂ ಹಾಗೇ ಉಳಿಯುತ್ತದೆ. ಬಿಥೋವನ್ ಬರೆದದ್ದು ಹಾಗೆ. ಮಕ್ಕಳ ಪುಸ್ತಕಗಳಲ್ಲಿ ಎಷ್ಟೋ ಸಲ ಇದನ್ನು ಸಪಾಟು ಮಾಡಿ ಗ ಯನ್ನು ಒಂದನೇ ಬೀಟಿಗೆ ಸರಿಸಿರುತ್ತಾರೆ. ನನಗೆ ಅದು ಇಷ್ಟವಾಗುವುದಿಲ್ಲ, ಆ ಸಾಲಿನ ರುಚಿಯೇ ಅಲ್ಲಿರುವುದು.

ಬೀಟಿಗೆ ನಾಲ್ಕು ಸೆಮಿಕ್ವೇವರ್ ಬಂದಾಗ ಅಂಕಿ ಸಾಲುವುದಿಲ್ಲ, ಆಗ ಸುಮ್ನೆ ತಕಧಿಮಿ ಅನ್ನಿ. ಇದು ನಮ್ಮವರ ಚಟ ಅಂದುಕೊಳ್ಳಬೇಡಿ. 1996ರಲ್ಲಿ ಅಮೆರಿಕದ ಹಾಫ್‌ಮನ್, ಪೆಲ್ಟೊ ಮತ್ತು ವೈಟ್ ಎಂಬ ಮೂವರು ಸಂಗೀತ ಅಧ್ಯಾಪಕರು ‘ತಕದಿಮಿ’ ಅನ್ನುವ ಹೆಸರಿನಲ್ಲೇ ಲಯ ಕಲಿಸುವ ಪದ್ಧತಿಯೊಂದನ್ನು ಪ್ರಕಟಿಸಿದರು. ದಕ್ಷಿಣ ಭಾರತದ ಸೊಲ್ಲುಗಳನ್ನು ತೆಗೆದುಕೊಂಡು ಒಂದು ನಿಯಮ ಹಾಕಿದರು: ಬೀಟಿನ ಮೇಲೆ ಯಾವಾಗಲೂ ತ, ನಾಲ್ಕು ಭಾಗವಾಗುವ ಬೀಟಿನ ನಟ್ಟನಡುವೆ ಯಾವಾಗಲೂ ದಿ. ಎರಡು ಕ್ವೇವರ್ ಇದ್ದರೆ ತ-ದಿ, ನಾಲ್ಕು ಸೆಮಿಕ್ವೇವರ್ ಇದ್ದರೆ ತ-ಕ-ದಿ-ಮಿ, ಮೊದಲು ಒಂದು ಕ್ವೇವರ್ ಆಮೇಲೆ ಎರಡು ಸೆಮಿಕ್ವೇವರ್ ಇದ್ದರೆ ತ-ದಿ-ಮಿ. ನಮ್ಮಲ್ಲಿ ತಕ ಅಂದರೆ ಎರಡು, ಅವರಲ್ಲಿ ಎರಡಕ್ಕೆ ತ-ದಿ. ಇದೊಂದು ವ್ಯತ್ಯಾಸ ನೆನಪಿಟ್ಟರೆ ಕೀಬೋರ್ಡಿಗೆ ಅವರ ನಿಯಮ ಬಹಳ ಅನುಕೂಲ, ಯಾಕೆಂದರೆ ಸೊಲ್ಲು ಕೇಳಿದರೆ ಬೀಟಿನಲ್ಲಿ ನಾವು ಎಲ್ಲಿದ್ದೇವೆ ಅಂತ ತಿಳಿಯುತ್ತದೆ.

ಇನ್ನು 6/8. ಮಾಮೂಲಿ ವೇಗದಲ್ಲಿ ಬೀಟ್ ಎರಡು, ಪ್ರತಿ ಬೀಟಿನ ಒಳಗೆ ಮೂರು ಕ್ವೇವರ್: ತಕಿಟ ತಕಿಟ. ನಮ್ಮ ತಿಸ್ರ ನಡೆ. ಹಾಗಿದ್ದರೆ ಮೇಲೆ 2 ಅಂತ ಬರೆಯಬಹುದಿತ್ತಲ್ಲ ಅಂತ ಕೇಳುತ್ತೀರಿ. ಬರೆಯಲು ಬರುವುದಿಲ್ಲ. ಇಲ್ಲಿ ಒಂದು ಬೀಟ್ ಅಂದರೆ ಮೂರು ಕ್ವೇವರ್, ಅಂದರೆ ಚುಕ್ಕೆ ಕ್ರಾಚೆಟ್. ಕೆಳಗಿನ ಅಂಕಿಯಾಗಿ ಮಿನಿಮ್‌ಗೆ 2, ಕ್ರಾಚೆಟ್‌ಗೆ 4, ಕ್ವೇವರ್‌ಗೆ 8 ಇದೆ, ಚುಕ್ಕೆ ಕ್ರಾಚೆಟ್‌ಗೆ ಯಾವ ಅಂಕಿಯೂ ಇಲ್ಲ. ಅದಕ್ಕೇ ಬೀಟನ್ನು ಬಿಟ್ಟು ಒಳಗಿನ ಚೂರುಗಳನ್ನು ಎಣಿಸಿ 6/8 ಅಂತ ಬರೆಯುತ್ತಾರೆ. 9/8ರಲ್ಲಿ ಮೂರು ಬೀಟ್, 12/8ರಲ್ಲಿ ನಾಲ್ಕು. ಮೇಲಿನ ಅಂಕಿಯನ್ನು ಮೂರರಿಂದ ಭಾಗಿಸಿ, ಮುಗಿಯಿತು. ತೀರಾ ನಿಧಾನದ ರಚನೆಯಲ್ಲಿ ಆರನ್ನೂ ಎಣಿಸುವುದುಂಟು, ಕಲಿಯುವಾಗಲೂ ಆರು ಎಣಿಸಿ, ಆದರೆ ಒಂದು ಮತ್ತು ನಾಲ್ಕರ ಮೇಲೆ ಒತ್ತು ಕೊಟ್ಟು.

3/4ರಲ್ಲೂ ಆರು ಕ್ವೇವರ್ ಹಿಡಿಸುತ್ತದೆ, ಮತ್ತೆ ವ್ಯತ್ಯಾಸವೇನು? ತಕ ತಕ ತಕ ಅಂದರೆ 3/4, ತಕಿಟ ತಕಿಟ ಅಂದರೆ 6/8. ತೊಡೆ ತಟ್ಟಿಕೊಂಡು ಒಂದಾದ ಮೇಲೊಂದು ಹೇಳಿ ನೋಡಿ, ಮುಂದೆ ಯಾರೂ ವಿವರಿಸುವುದು ಬೇಡ.

ರೆಸ್ಟ್ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳಬೇಕು, ನಮ್ಮ ಸಂಗೀತದಿಂದ ಬಂದವರು ತಪ್ಪುವ ಜಾಗ ಅದು. ನಮ್ಮಲ್ಲಿ ಕಾಮಾ ಬಂದರೆ ಸ್ವರ ಎಳೆಯುತ್ತೇವೆ. ಸ್ಟಾಫ್‌ನಲ್ಲಿ ರೆಸ್ಟ್ ಬಂದರೆ ಸದ್ದು ನಿಲ್ಲಲೇಬೇಕು. ಸರಿಯಾಗಿ ಆ ಬೀಟಿನ ಮೇಲೆ ಬೆರಳು ಎತ್ತಬೇಕು. ಎಣಿಕೆಯಂತೂ ನಿಲ್ಲುವ ಹಾಗೇ ಇಲ್ಲ. ಕೆಳಗಿನಿಂದ ನಾಲ್ಕನೇ ಗೆರೆಗೆ ನೇತುಹಾಕಿದ ಕಪ್ಪು ಪಟ್ಟಿ ಸೆಮಿಬ್ರೀವ್ ರೆಸ್ಟ್, ಮೂರನೇ ಗೆರೆಯ ಮೇಲೆ ಕೂತಿರುವುದು ಮಿನಿಮ್ ರೆಸ್ಟ್. ನೇತಾಡುವ ಪಟ್ಟಿ 3/4ರಲ್ಲಿ ಬಂದರೂ ಗಾಬರಿ ಬೇಡ, ಅಲ್ಲಿ ಅದಕ್ಕೆ ಇಡೀ ಬಾರ್ ಮೌನ ಅಂತ ಅರ್ಥ. ಒಂದು ಉಪಾಯ: ಕೀಬೋರ್ಡಿನಲ್ಲಿ ಪಿಯಾನೊ ಬದಲು ಆರ್ಗನ್ ಧ್ವನಿ ಹಾಕಿಕೊಳ್ಳಿ. ಪಿಯಾನೊದ ಸದ್ದು ತಾನೇ ಕ್ಷೀಣಿಸುತ್ತದೆ, ಬೆರಳು ಬೇಗ ಎತ್ತಿದರೂ ಹೊಸಬರಿಗೆ ಗೊತ್ತಾಗುವುದಿಲ್ಲ. ಆರ್ಗನ್ ಬೆರಳು ಇರುವ ತನಕ ಕೂಗುತ್ತದೆ, ಎತ್ತಿದ ಕೂಡಲೇ ಬಾಯಿ ಮುಚ್ಚುತ್ತದೆ. ಯಾವ ನೋಟನ್ನು ಮೊಟಕು ಮಾಡಿದಿರಿ, ಯಾವ ರೆಸ್ಟನ್ನು ತುಳಿದಿರಿ, ಎಲ್ಲ ಬಯಲು.

ಬಾರಿನ ಮೊದಲ ಬೀಟಿಗೆ ತೂಕ ಜಾಸ್ತಿ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಸಮದ ಮೇಲೆ ಒತ್ತು ಕೊಡಲೇಬೇಕೆಂದಿಲ್ಲ, ಇಲ್ಲಿ ಮಾಮೂಲಿಗೆ ಕೊಡಬೇಕು. ಎಡುಪು, ಅಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗ, ಇಲ್ಲೂ ಇದೆ. ಹುಟ್ಟುಹಬ್ಬಕ್ಕೆ ಎಲ್ಲರೂ ಹಾಡುವ ‘ಹ್ಯಾಪಿ ಬರ್ತ್‌ಡೇ’ 3/4, ಆದರೆ ಅದು ಶುರುವಾಗುವುದು ಒಂದರಲ್ಲಿ ಅಲ್ಲ, ಮೂರರಲ್ಲಿ. ಒಂ-ದು ಎರ್-ಡು ಸುಮ್ಮನೆ ಎಣಿಸಿ, ಮೂ-ರು ಅನ್ನುವಾಗ ‘ಹ್ಯಾಪಿ’. ‘ಬರ್ತ್’ ಬೀಳುವುದು ಒಂದರ ಮೇಲೆ, ‘ಡೇ’ ಎರಡು, ‘ಟು’ ಮೂರು, ‘ಯೂ’ ಒಂದು ಮಿನಿಮ್, ಮತ್ತೆ ಮೂರಕ್ಕೆ ‘ಹ್ಯಾಪಿ’. ತಾಳ ಶುರುವಾದ ಮೇಲೆ ಹಾಡು ಶುರುವಾಗುವ ನಮ್ಮ ಅನಾಗತ ಎಡುಪು ಇದ್ದ ಹಾಗೆ. ಪುಸ್ತಕದಲ್ಲಿ ಮೊದಲ ಬಾರ್ ಒಂದೇ ಬೀಟಿನದ್ದಾಗಿ ಮೊಂಡಾಗಿ ಕಂಡರೆ ಮುದ್ರಣ ದೋಷ ಅಂದುಕೊಳ್ಳಬೇಡಿ. ಮಗುವಿನ ಹೆಸರು ಬಂದಾಗ ಎಲ್ಲರೂ ಎಳೆದು ಚಪ್ಪಾಳೆಯ ಲೆಕ್ಕ ಕಲಸಿಹೋಗುತ್ತದಲ್ಲ, ಅದಕ್ಕೂ ಗುರುತಿದೆ. ನೋಟಿನ ಮೇಲೆ ಕಮಾನಿನೊಳಗೆ ಒಂದು ಚುಕ್ಕೆ, ಫರ್ಮಾಟಾ. ಅಲ್ಲಿ ಮಾತ್ರ ಎಣಿಕೆ ನಿಲ್ಲಿಸಲು ಅಧಿಕೃತ ಪರವಾನಗಿ.

ಮೆಟ್ರೊನೋಮ್ ಹಾಕಿದರೆ ಕೆಡುತ್ತದೆ ಅಂದಿರಿ. ಅದು ಹಾಕುವ ಮೊದಲೇ ಕೆಟ್ಟಿರುತ್ತದೆ, ಮೆಟ್ರೊನೋಮ್ ತೋರಿಸಿಕೊಡುತ್ತದೆ ಅಷ್ಟೇ. ಆದರೆ ಅದನ್ನು ಹಾಕಿ ನೇರ ನುಡಿಸಲು ಹೋಗುವುದು ಸರಿಯಲ್ಲ. ಮೊದಲು ನಿಮ್ಮ ಹಳೆಯ ಕೈಯನ್ನೇ ಬಳಸಿ: ತೊಡೆಯ ಮೇಲೆ ಬೀಟ್ ಹಾಕುತ್ತಾ ಬಾಯಲ್ಲಿ ನೋಟುಗಳ ಉದ್ದವನ್ನು ‘ತಾ’ ಅಂತ ಹಾಡಿ. ಆಮೇಲೆ ಅದಲು ಬದಲು, ಬಾಯಲ್ಲಿ ಒಂ-ದು ಎರ್-ಡು, ಕೈಯಲ್ಲಿ ನೋಟುಗಳ ಚಪ್ಪಾಳೆ. ಈ ಅದಲು ಬದಲಿನಲ್ಲೇ ನಿಮ್ಮ ಸಮಸ್ಯೆ ಇರುವುದು, ಇಲ್ಲಿ ಹೆಚ್ಚು ಹೊತ್ತು ಕಳೆಯಿರಿ. ಇದು ಹಿಡಿತಕ್ಕೆ ಬಂದ ಮೇಲೆ ಮೆಟ್ರೊನೋಮ್ ಹಾಕಿ, ಅದೂ ಅರ್ಧ ಬೀಟಿಗೊಂದು ಟಿಕ್ ಬರುವ ಹಾಗೆ. ಕ್ರಾಚೆಟ್ 50ರಲ್ಲಿ ನುಡಿಸುವುದಾದರೆ ಯಂತ್ರವನ್ನು 100ಕ್ಕೆ ಇಡಿ, ಎರಡು ಟಿಕ್ಕಿಗೆ ಒಂದು ಬೀಟ್. ನಿಧಾನದ ಒಂಟಿ ಟಿಕ್ಕುಗಳ ನಡುವೆ ದಾರಿ ತಪ್ಪುವಷ್ಟು ಜಾಗ ಇರುತ್ತದೆ, ಅರ್ಧದಲ್ಲೊಂದು ಟಿಕ್ ಇದ್ದರೆ ಅದು ಕಡಿಮೆಯಾಗುತ್ತದೆ. ಗಟ್ಟಿಯಾದ ಮೇಲೆ 50ಕ್ಕೆ ಇಳಿಸಿ.

ನುಡಿಸುವಾಗ ಫೋನಿನಲ್ಲಿ ರೆಕಾರ್ಡ್ ಮಾಡಿ, ಆಮೇಲೆ ನಿಮ್ಮ ಎಣಿಕೆಯ ಧ್ವನಿಯನ್ನು ಮಾತ್ರ ಕೇಳಿಸಿಕೊಳ್ಳಿ. ಕಷ್ಟದ ಬಾರಿನಲ್ಲಿ ಧ್ವನಿ ನಿಧಾನವಾದರೆ ಬಾಯಿ ಇನ್ನೂ ಬೆರಳಿನ ಮಾತು ಕೇಳುತ್ತಿದೆ ಅಂತ ಅರ್ಥ. ಆ ಬಾರನ್ನು ಎಷ್ಟು ನಿಧಾನದಲ್ಲಿ ತಡೆಯದೆ ನುಡಿಸಬಲ್ಲಿರೋ ಇಡೀ ಪಾಠವನ್ನು ಆ ವೇಗಕ್ಕೆ ಇಳಿಸಿ. ಬಾರಿನ ಗೆರೆ ಬಂದಾಗಲೆಲ್ಲ ಸಣ್ಣಗೆ ತಡೆಯುತ್ತಿದ್ದೀರಾ ಅಂತಲೂ ಕೇಳಿಸಿಕೊಳ್ಳಿ. ಗೆರೆಗೆ ಸ್ವಂತ ಕಾಲ ಇಲ್ಲ, ನಾ-ಕು ಆದ ಕೂಡಲೇ ಒಂ-ದು.

ಎರಡೂ ಕೈ ಸೇರಿಸುವುದು ಇದಾದ ಮೇಲಿನ ಮಾತು. ಎಡಗೈಯಲ್ಲಿ ಸೆಮಿಬ್ರೀವ್, ಬಲಗೈಯಲ್ಲಿ ಕ್ರಾಚೆಟ್‌ಗಳು ಇರುವ ಪಾಠವೊಂದನ್ನು ಆರಿಸಿಕೊಳ್ಳಿ. ಬಲಗೈ ಎರಡನೇ ನೋಟಿಗೆ ಹೋದಾಗ ಎಡಗೈ ಎದ್ದು ಬರಲು ನೋಡುತ್ತದೆ, ಆರ್ಗನ್ ಧ್ವನಿಯಲ್ಲಿ ತಕ್ಷಣ ಕೇಳಿಸುತ್ತದೆ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೀವು ನುಡಿಸುವಾಗ ಅವಳು ಎಣಿಸಲಿ, ಅವಳು ನುಡಿಸುವಾಗ ನೀವು ತಾಳ ಹಾಕಿ. ಅವಳಿಗೆ ಒಂದೆರಡು ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹೇಳಿಕೊಟ್ಟರೆ ಕ್ಲಾಸಿನಲ್ಲಿ ಕ್ವೇವರ್ ಬಂದಾಗ ಅವಳು ತಡವರಿಸುವುದು ಕಡಿಮೆಯಾಗುತ್ತದೆ.